ಪುಣೆಯ ಸೊಸೈಟಿ ಎಸ್‌ಟಿಪಿಗಳು ಏಕೆ ಸೋಲುತ್ತಿವೆ? ತಿರುಗುವ ಡಿಸ್ಕ್‌ಗಳು ಎಲ್ಲಿ ಕೈ ಹಿಡಿಯುತ್ತವೆ?

ಎಸ್‌ಟಿಪಿ ಅಂದರೆ ವಸತಿ ಸೊಸೈಟಿಗಳು ತಮ್ಮ ಕೊಳಚೆ ನೀರನ್ನು ತಾವೇ ಶುದ್ಧ ಮಾಡಿಕೊಳ್ಳುವ ಘಟಕ. ಪುಣೆಯ ಫ್ಲ್ಯಾಟಿನಲ್ಲಿ ಫ್ಲಶ್ ಮಾಡಿದ ನೀರು ಕೊನೆಗೆ ಸೇರುವುದು ಭೀಮೆಗೆ. ಪವನಾ ನದಿ ದಾಪೋಡಿ ಹತ್ತಿರ ಮುಳಾ ನದಿಗೆ ಕೂಡುತ್ತದೆ. ಮುಳಾ ಮತ್ತು ಮುಠಾ ಊರ ನಡುವೆ ಸಂಗಮದಲ್ಲಿ ಒಂದಾಗುತ್ತವೆ. ಅಲ್ಲಿಂದ ಪೂರ್ವಕ್ಕೆ ಹರಿದು ಭೀಮೆಗೆ ಬೀಳುತ್ತವೆ. ಮುಂದೆ ಉಜನಿ ಜಲಾಶಯ, ಪಂಢರಾಪುರ, ಆಮೇಲೆ ನಮ್ಮ ವಿಜಯಪುರ ಮತ್ತು ಕಲಬುರಗಿ ಜಿಲ್ಲೆಗಳು. ಗಾಣಗಾಪುರದ ಸಂಗಮದಲ್ಲಿ ಜನ ಮುಳುಗು ಹಾಕುವುದು ಇದೇ ಭೀಮೆಯಲ್ಲಿ.

ಉಜನಿ ದೊಡ್ಡ ಜಲಾಶಯ. ಪುಣೆಯ ಕೊಳಚೆ ಅಲ್ಲಿ ನಿಂತು, ಮಳೆ ನೀರಿನ ಜೊತೆ ಬೆರೆತು ತಿಳಿಯಾಗುತ್ತದೆ. ಗಡಿ ದಾಟುವ ಹೊತ್ತಿಗೆ ಅದು ಪುಣೆಯಲ್ಲಿದ್ದ ನೀರಾಗಿ ಉಳಿದಿರುವುದಿಲ್ಲ, ನಿಜ. ಆದರೆ ಕೊಳಚೆಯಲ್ಲಿರುವ ಸಾರಜನಕ ಮತ್ತು ರಂಜಕ ಸುಮ್ನೆ ಮಾಯವಾಗುವುದಿಲ್ಲ. ಉಜನಿಯಲ್ಲಿ ಹಸಿರು ಪಾಚಿ ಕಟ್ಟುವುದಕ್ಕೆ ಅವೇ ಗೊಬ್ಬರ. ಸೊಲ್ಲಾಪುರ ನಗರ ಕುಡಿಯುವುದು ಆ ಜಲಾಶಯದ ನೀರನ್ನೇ. ಹಿಂಜವಡಿ, ವಾಕಡ್, ಪಿಂಪಳೆ ಸೌದಾಗರ್‌ಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಲ್ಲಿ ಎಷ್ಟೋ ಜನರ ಊರು ಭೀಮಾ ತೀರದಲ್ಲೇ ಇದೆ. ಹಾಗಾಗಿ ಸೊಸೈಟಿಯ ಎಸ್‌ಟಿಪಿ ಅನ್ನುವುದು ಬರೀ ಮೆಂಟೆನೆನ್ಸ್ ಲೆಕ್ಕದ ಒಂದು ಸಾಲು ಅಂತ ನನಗೆ ಅನಿಸುವುದಿಲ್ಲ.

ಪಾಲಿಕೆಯ ಪೈಪು ಬರುವವರೆಗೆ

ಪುಣೆ ಪಾಲಿಕೆ ಕಟ್ಟಿಕೊಂಡಿದ್ದ ಶುದ್ಧೀಕರಣ ಘಟಕಗಳ ಒಟ್ಟು ಸಾಮರ್ಥ್ಯ ದಿನಕ್ಕೆ 477 ದಶಲಕ್ಷ ಲೀಟರ್. ಇದು ಸಾಲುವುದಿಲ್ಲ ಎಂದು ಗೊತ್ತಾಗಿ, ಜಪಾನಿನ ಜೈಕಾ ಸಂಸ್ಥೆಯ ಸಾಲದಲ್ಲಿ ಇನ್ನೂ 11 ಘಟಕ ಕಟ್ಟುವ ಯೋಜನೆ ಬಂತು. ಅವುಗಳ ಸಾಮರ್ಥ್ಯ 396 ದಶಲಕ್ಷ ಲೀಟರ್. ಸಾಲದ ಒಪ್ಪಂದಕ್ಕೆ ಸಹಿ ಬಿದ್ದದ್ದು 2016ರ ಜನವರಿಯಲ್ಲಿ. ಆಮೇಲೆ ಟೆಂಡರ್, ಜಾಗ, ಮರು ಟೆಂಡರ್ ಅಂತ ವರ್ಷಗಳು ಕಳೆದವು. ಮುಗಿಯುವ ದಿನ ಮುಂದಕ್ಕೆ ಹೋಗುತ್ತಲೇ ಬಂದಿದೆ.

ಅಷ್ಟರಲ್ಲಿ ಊರು ನಿಂತುಕೊಳ್ಳಲಿಲ್ಲ. 2017ರಲ್ಲಿ 11 ಹಳ್ಳಿಗಳು, 2021ರಲ್ಲಿ ಮತ್ತೆ 23 ಹಳ್ಳಿಗಳು ಪಾಲಿಕೆಗೆ ಸೇರಿದವು. ಹಳ್ಳಿ ಅಂತ ಹೆಸರಿದ್ದರೂ ಅಲ್ಲಿ ಆಗಲೇ ಹತ್ತಾರು ಮಹಡಿಯ ಕಟ್ಟಡಗಳು ಎದ್ದಿದ್ದವು. ಕಟ್ಟಡ ಎದ್ದಷ್ಟು ಬೇಗ ಒಳಚರಂಡಿ ಬರುವುದಿಲ್ಲ. 2025ರ ಜನವರಿಯಲ್ಲಿ ಗೀಯಾನ್-ಬಾರೆ ಸಿಂಡ್ರೋಮ್ ಎಂಬ ನರಗಳ ಕಾಯಿಲೆ ಕಾಣಿಸಿಕೊಂಡಾಗ ಹೆಚ್ಚು ಸುದ್ದಿಯಾದದ್ದು ಸಿಂಹಗಡ ರಸ್ತೆಯ ಆಚೆಗಿನ ನಾಂದೇಡ್, ಕಿರ್ಕಟವಾಡಿ, ಧಾಯರಿ ಭಾಗ. ಕೆಲವು ರೋಗಿಗಳ ಮಾದರಿಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಬ್ಯಾಕ್ಟೀರಿಯಾ ಸಿಕ್ಕಿತು. ಕುಡಿಯುವ ನೀರಿಗೆ ಕೊಳೆ ಸೇರುತ್ತಿದೆಯೇ ಎಂಬ ಪ್ರಶ್ನೆ ಆ ತಿಂಗಳು ಪುಣೆಯ ಪ್ರತಿ ಮನೆಯಲ್ಲೂ ಎದ್ದಿತು.

ಇಂಥ ಅಂಚಿನ ಬಡಾವಣೆಗಳಲ್ಲಿ ಇನ್ನೂ ಕೆಲವು ವರ್ಷ ಸೊಸೈಟಿಯ ಸ್ವಂತ ಎಸ್‌ಟಿಪಿಯೇ ಗತಿ. ಕಾನೂನೂ ಅದನ್ನೇ ಕೇಳುತ್ತದೆ. 2006ರ ಪರಿಸರ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್‌ಗಿಂತ ದೊಡ್ಡ ಕಟ್ಟಡ ಯೋಜನೆಗಳಿಗೆ ಪರಿಸರ ಅನುಮತಿ ಬೇಕು. ಆ ಅನುಮತಿಯ ಷರತ್ತುಗಳಲ್ಲಿ ಎಸ್‌ಟಿಪಿಯೂ ಬರುತ್ತದೆ. ಬಿಲ್ಡರ್ ಕಟ್ಟುತ್ತಾನೆ, ಸೊಸೈಟಿಗೆ ಒಪ್ಪಿಸುತ್ತಾನೆ, ಹೊರಡುತ್ತಾನೆ. ಪಿಂಪ್ರಿ-ಚಿಂಚವಡದಲ್ಲಂತೂ 2019ರ ನವೆಂಬರ್‌ನಿಂದ ನೀರು ದಿನ ಬಿಟ್ಟು ದಿನ. ಎಸ್‌ಟಿಪಿ ಇದ್ದೂ ನಡೆಸದ ಸೊಸೈಟಿಗಳಿಗೆ ಅಲ್ಲಿನ ಪಾಲಿಕೆ ನೋಟಿಸ್ ಕೊಟ್ಟಿದೆ, ನೀರಿನ ಸಂಪರ್ಕ ಕತ್ತರಿಸುವ ಎಚ್ಚರಿಕೆಯನ್ನೂ ಕೊಟ್ಟಿದೆ. ಯಂತ್ರ ಇರುತ್ತದೆ, ಕೆಲಸ ಮಾಡುತ್ತಿರುವುದಿಲ್ಲ. ಏಕೆ?

ರಾತ್ರಿ ನಿಲ್ಲುವ ಬ್ಲೋವರ್

ನಮ್ಮ ಸೊಸೈಟಿಯ ಎಸ್‌ಟಿಪಿ ನೋಡಿಕೊಳ್ಳುವ ಹುಡುಗ ಅಫಜಲಪುರ ಕಡೆಯವನು. ಏಜೆನ್ಸಿಯೊಂದರ ಮೂಲಕ ಬಂದವನು. ಬೆಳಗ್ಗೆ ವಾಕಿಂಗ್ ಹೊತ್ತಲ್ಲಿ ವಾಸನೆ ತಡೆಯಲಾರದೆ ಒಮ್ಮೆ ಕೇಳಿದೆ, ಏನಾಗಿದೆ ಅಂತ.

"ರಾತ್ರಿ ಹನ್ನೊಂದಕ್ಕ ಬ್ಲೋವರ್ ಬಂದ್ ಮಾಡು ಅಂತ ಹೇಳ್ಯಾರ್ರಿ ಸರ್. ಬಿಲ್ ಭಾಳ ಬರ್ತದಂತ. ಮುಂಜಾನಿ ಆರಕ್ಕ ಚಾಲೂ ಮಾಡ್ತೀನ್ರಿ."

"ಮತ್ತ ವಾಸನಿ ಬರ್ತದಲ್ಲೋ ತಮ್ಮಾ?"

"ಬರ್ತದ್ರಿ. ಅದಕ್ಕ ಬ್ಲೀಚಿಂಗ್ ಪೌಡರ್ ಹೊಡೀತೀವ್ರಿ."

ಆ ಹುಡುಗನ ತಪ್ಪು ಇದರಲ್ಲಿ ಏನೂ ಇಲ್ಲ. ಬಿಲ್ ಕಡಿಮೆ ಮಾಡಬೇಕು ಅಂತ ಕಮಿಟಿ ಕೇಳುತ್ತದೆ. ಏಜೆನ್ಸಿ ದಾರಿ ಹುಡುಕುತ್ತದೆ. ಕೊನೆಗೆ ಸ್ವಿಚ್ ಒತ್ತುವವನು ಅವನು. ಪುಣೆಯ ಬೇರೆ ಬೇರೆ ಸೊಸೈಟಿಗಳಲ್ಲಿರುವ ಗೆಳೆಯರ ಬಾಯಲ್ಲೂ ಇದೇ ಕಥೆ ಕೇಳಿದ್ದೇನೆ.

ಟ್ಯಾಂಕಿಗೆ ಗಾಳಿ ಊದುವ ಈ ಬ್ಲೋವರ್ ನಿಲ್ಲಿಸಿದರೆ ಏನಾಗುತ್ತದೆ ಎಂದು ತಿಳಿಯಲು ಎಸ್‌ಟಿಪಿ ಒಳಗೆ ಕೆಲಸ ಮಾಡುವವರು ಯಾರು ಎಂದು ಗೊತ್ತಿರಬೇಕು. ಕೊಳಚೆ ಶುದ್ಧ ಮಾಡುವುದು ಬ್ಯಾಕ್ಟೀರಿಯಾ. ಯಂತ್ರಗಳೆಲ್ಲ ಅವುಗಳ ಸೇವೆಗೆ ಇರುವಂಥವು. ನೀರಿನಲ್ಲಿ ಕರಗಿದ ಕೊಳೆಯನ್ನು ಅವು ತಿನ್ನುತ್ತವೆ, ಬೆಳೆಯುತ್ತವೆ, ಸಾಯುತ್ತವೆ. ತಿನ್ನುವುದಕ್ಕೆ ಅವಕ್ಕೆ ಆಮ್ಲಜನಕ ಬೇಕು. ಒಂದು ಲೀಟರ್ ಕೊಳಚೆಯನ್ನು ತಿಂದು ಮುಗಿಸಲು ಅವಕ್ಕೆ ಎಷ್ಟು ಆಮ್ಲಜನಕ ಬೇಕು ಎಂಬ ಅಳತೆಯೇ ಬಿಒಡಿ. ಮನೆಗಳ ಕೊಳಚೆಯಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 200ರಿಂದ 300 ಮಿಲಿಗ್ರಾಂ. 2017ರ ಕೇಂದ್ರದ ಅಧಿಸೂಚನೆ ಮಹಾನಗರಗಳಲ್ಲಿ ಅದನ್ನು 20ಕ್ಕೆ ಇಳಿಸಬೇಕು ಎಂದಿತು. 2019ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇನ್ನೂ ಬಿಗಿ ಮಾಡಿ 10 ಎಂದಿತು.

ಈಗ ಸೊಸೈಟಿಗಳಲ್ಲಿ ಜಾಸ್ತಿ ಕಾಣುವುದು ಎಂಬಿಬಿಆರ್ ಎಂಬ ಪದ್ಧತಿ. ಟ್ಯಾಂಕಿನಲ್ಲಿ ಪ್ಲಾಸ್ಟಿಕ್‌ನ ಸಣ್ಣ ಸಣ್ಣ ಮೀಡಿಯಾ ತುಂಡುಗಳು ತೇಲುತ್ತವೆ. ಬ್ಯಾಕ್ಟೀರಿಯಾ ಅವುಗಳ ಮೇಲೆ ಅಂಟಿಕೊಂಡು ಬೆಳೆಯುತ್ತದೆ. ತಳದ ಡಿಫ್ಯೂಸರ್‌ಗಳಿಂದ ಬ್ಲೋವರ್ ಗಾಳಿ ಊದುತ್ತದೆ. ಎಸ್‌ಬಿಆರ್ ಮತ್ತು ಹಳೆಯ ಆಕ್ಟಿವೇಟೆಡ್ ಸ್ಲಡ್ಜ್ ಪದ್ಧತಿಗಳಲ್ಲೂ ಗಾಳಿ ಹೀಗೇ ಬರುತ್ತದೆ. ಗಾಳಿ ಊದುವ ಇಂಥ ಘಟಕಗಳಲ್ಲಿ ಒಟ್ಟು ವಿದ್ಯುತ್ತಿನ ಅರ್ಧಕ್ಕಿಂತ ಜಾಸ್ತಿ ಗಾಳಿಗೇ ಹೋಗುವುದು ಸಾಮಾನ್ಯ. ಬಿಲ್ ಇಳಿಸಲು ಹೊರಟವರ ಕಣ್ಣು ಮೊದಲು ಅದರ ಮೇಲೇ ಬೀಳುತ್ತದೆ.

ಬ್ಲೋವರ್ ನಿಂತ ಕೆಲವೇ ನಿಮಿಷಗಳಲ್ಲಿ ನೀರಿನಲ್ಲಿದ್ದ ಆಮ್ಲಜನಕ ಖಾಲಿ. ಕೆಲವು ಗಂಟೆಗಳಲ್ಲಿ ಟ್ಯಾಂಕು ಕೊಳೆಯಲು ಶುರು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಬೆಳಗ್ಗೆ ಮತ್ತೆ ಗಾಳಿ ಕೊಟ್ಟರೆ ಆ ವಾಸನೆಯೇ ಮೊದಲು ಮೇಲೆ ಬರುವುದು. ಜೊತೆಗೆ ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಸ್ನಾನ, ಶೌಚ, ಅಡುಗೆಮನೆ ಎಲ್ಲದರ ನೀರು ಒಟ್ಟಿಗೆ ಬಂದು ಬೀಳುತ್ತದೆ. ಅರೆಜೀವವಾಗಿರುವ ಬ್ಯಾಕ್ಟೀರಿಯಾಕ್ಕೆ ದಿನದ ಅತಿ ದೊಡ್ಡ ಹೊರೆ ಆಗಲೇ. ಇದು ದಿನಾ ನಡೆದರೆ ಘಟಕ ಎಂದೂ ಚೇತರಿಸಿಕೊಳ್ಳುವುದಿಲ್ಲ. ಬ್ಲೀಚಿಂಗ್ ಪೌಡರ್ ಹೊಡೆದರೆ ವಾಸನೆ ಕಡಿಮೆಯಾಗುತ್ತದೆ. ಆದರೆ ಅದು ಟ್ಯಾಂಕಿಗೇ ಬಿದ್ದರೆ ಉಳಿದ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ.

ನಿಧಾನವಾಗಿ ತಿರುಗುವ ಡಿಸ್ಕ್‌ಗಳು

ಈ ಸಮಸ್ಯೆಗೆ ನೇರವಾಗಿ ಸಂಬಂಧಪಟ್ಟ ಒಂದು ಹಳೆಯ ಪದ್ಧತಿ ಇದೆ. ಹೆಸರು ರೊಟೇಟಿಂಗ್ ಬಯಾಲಾಜಿಕಲ್ ಕಾಂಟ್ಯಾಕ್ಟರ್, ಚಿಕ್ಕದಾಗಿ ಆರ್‌ಬಿಸಿ. ಅಡ್ಡ ಮಲಗಿಸಿದ ಒಂದು ಶಾಫ್ಟ್. ಅದಕ್ಕೆ ಸಾಲಾಗಿ ಪೋಣಿಸಿದ ಪ್ಲಾಸ್ಟಿಕ್ ಡಿಸ್ಕ್‌ಗಳು. ಡಿಸ್ಕ್‌ನ ನೂರಕ್ಕೆ ಸುಮಾರು 40 ಭಾಗ ಕೊಳಚೆಯಲ್ಲಿ ಮುಳುಗಿರುತ್ತದೆ, 60 ಭಾಗ ಗಾಳಿಯಲ್ಲಿ. ಶಾಫ್ಟ್ ನಿಮಿಷಕ್ಕೆ ಒಂದೋ ಎರಡೋ ಸುತ್ತು ತಿರುಗುತ್ತದೆ, ಅಷ್ಟೇ.

ಬಚ್ಚಲ ಬಕೆಟ್ ಒಳಗೆ ಕೈ ಹಾಕಿದರೆ ಜಾರುತ್ತದಲ್ಲ, ಆ ಲೋಳೆಯೇ ಇಲ್ಲಿಯ ಕೆಲಸಗಾರ. ಡಿಸ್ಕ್‌ನ ಎರಡೂ ಮುಖದ ಮೇಲೆ ಬ್ಯಾಕ್ಟೀರಿಯಾದ ತೆಳು ಪದರ ಬೆಳೆಯುತ್ತದೆ, ಕೆಲವು ಮಿಲಿಮೀಟರ್ ದಪ್ಪ. ನಿಮಿಷಕ್ಕೆ ಒಂದೂವರೆ ಸುತ್ತು ಅಂತ ಇಟ್ಟುಕೊಳ್ಳಿ. ಒಂದು ಸುತ್ತಿಗೆ 40 ಸೆಕೆಂಡ್. ಸುಮಾರು 16 ಸೆಕೆಂಡ್ ನೀರಿನಲ್ಲಿ ಮುಳುಗಿ ಪದರ ಕೊಳೆಯನ್ನು ಹೀರಿಕೊಳ್ಳುತ್ತದೆ. ಉಳಿದ 24 ಸೆಕೆಂಡ್ ಮೇಲೆ ಬಂದು ಗಾಳಿಯಿಂದ ಆಮ್ಲಜನಕ ತೆಗೆದುಕೊಳ್ಳುತ್ತದೆ. ಗಾಳಿಯನ್ನು ನೀರಿನೊಳಗೆ ಒತ್ತಿ ತಳ್ಳುವ ಕೆಲಸವೇ ಇಲ್ಲ. ವಿದ್ಯುತ್ ಉಳಿಯುವುದು ಇಲ್ಲೇ.

ಪದರ ದಪ್ಪವಾದಾಗ ಒಳಭಾಗಕ್ಕೆ ಆಮ್ಲಜನಕ ತಲುಪುವುದಿಲ್ಲ. ಆಗ ಹಿಡಿತ ಸಡಿಲವಾಗಿ ತುಂಡುತುಂಡಾಗಿ ಕಳಚಿ ಬೀಳುತ್ತದೆ. ಬಿದ್ದದ್ದು ನೀರಿನ ಜೊತೆ ಮುಂದಿನ ಸೆಟ್ಲಿಂಗ್ ಟ್ಯಾಂಕಿಗೆ ಹೋಗಿ ಕೆಳಗೆ ಕೂರುತ್ತದೆ. ಖಾಲಿಯಾದ ಜಾಗದಲ್ಲಿ ಹೊಸ ಪದರ ಹುಟ್ಟುತ್ತದೆ. ಆಕ್ಟಿವೇಟೆಡ್ ಸ್ಲಡ್ಜ್‌ನಲ್ಲಿ ಕೆಳಗೆ ಕೂತ ಸ್ಲಡ್ಜ್, ಅಂದರೆ ಕೆಸರಿನ, ಒಂದು ಪಾಲನ್ನು ಅಳೆದು ಮತ್ತೆ ಟ್ಯಾಂಕಿಗೆ ಪಂಪ್ ಮಾಡಬೇಕು. ಎಷ್ಟು ವಾಪಸ್, ಎಷ್ಟು ಹೊರಗೆ ಎಂಬ ತೂಗಾಟ ಆಪರೇಟರ್‌ಗೆ ಸದಾ ತಲೆನೋವು. ಡಿಸ್ಕ್ ಪದ್ಧತಿಯಲ್ಲಿ ಆ ತೂಗಾಟ ಇಲ್ಲ.

ಡಿಸ್ಕ್‌ಗಳನ್ನು ಮೂರು ನಾಲ್ಕು ಹಂತಗಳಾಗಿ, ನಡುವೆ ಗೋಡೆ ಇಟ್ಟು ಜೋಡಿಸುತ್ತಾರೆ. ಮೊದಲ ಹಂತದಲ್ಲಿ ಪದರ ದಪ್ಪ, ಬೂದುಗಂದು ಬಣ್ಣ. ಕೊನೆಯ ಹಂತದಲ್ಲಿ ತೆಳು, ಕೆಂಪುಗಂದು. ಬಿಒಡಿ ಬಹಳ ಇಳಿದ ಮೇಲಷ್ಟೇ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಕ್ಕೆ ಜಾಗ ಸಿಗುತ್ತದೆ. ಅವು ನೆಲೆ ನಿಲ್ಲುವುದು ಈ ಕೊನೆಯ ಡಿಸ್ಕ್‌ಗಳ ಮೇಲೆ. ಘಟಕದ ಆರೋಗ್ಯ ಹೇಗಿದೆ ಎಂದು ಲ್ಯಾಬ್ ರಿಪೋರ್ಟ್ ಬರುವ ಮೊದಲೇ ಬಣ್ಣ ನೋಡಿ ಒಂದಿಷ್ಟು ಹೇಳಬಹುದು. ತಿಂಗಳಿಗೊಮ್ಮೆ ಬರುವ ಎಂಜಿನಿಯರ್‌ಗಿಂತ ದಿನಾ ನೋಡುವ ಆಪರೇಟರ್ ಇದನ್ನು ಬೇಗ ಕಲಿಯುತ್ತಾನೆ. ನನಗೆ ಈ ಪದ್ಧತಿಯಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ.

ಇದು ಹೊಸ ಶೋಧವೇನೂ ಅಲ್ಲ. 1900ರ ಹೊತ್ತಿಗೇ ಜರ್ಮನಿಯಲ್ಲಿ ಮರದ ಪಟ್ಟಿಗಳ ತಿರುಗುವ ಉರುಳೆಯೊಂದಕ್ಕೆ ಪೇಟೆಂಟ್ ಆಗಿತ್ತು. ಮರ ಕೆಲಸಕ್ಕೆ ಬರಲಿಲ್ಲ. ಪ್ಲಾಸ್ಟಿಕ್ ಬಂದ ಮೇಲೆ, 1960ರಲ್ಲಿ, ಆಗಿನ ಪಶ್ಚಿಮ ಜರ್ಮನಿಯಲ್ಲಿ ಮೊದಲ ವಾಣಿಜ್ಯ ಘಟಕ ನಡೆಯಿತು.

200 ಮನೆಗಳ ಲೆಕ್ಕ

ಒಂದು ಸೊಸೈಟಿ, 200 ಫ್ಲ್ಯಾಟು, ಮನೆಗೆ ನಾಲ್ಕು ಜನ. ಒಟ್ಟು 800 ಜನ. ಸರ್ಕಾರಿ ಮಾನದಂಡದಂತೆ ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ನೂರಕ್ಕೆ 80 ಭಾಗ ಕೊಳಚೆಯಾಗಿ ಹೊರಬರುತ್ತದೆ. ಅಂದರೆ ದಿನಕ್ಕೆ ಸುಮಾರು 86,000 ಲೀಟರ್. ಬಿಒಡಿ 250 ಎಂದರೆ ದಿನಕ್ಕೆ ಸುಮಾರು 21.6 ಕೆಜಿ ಹೊರೆ.

ಡಿಸ್ಕ್‌ನ ಒಂದು ಚದರ ಮೀಟರ್ ಮೇಲೆ ದಿನಕ್ಕೆ 8 ಗ್ರಾಂ ಬಿಒಡಿಗಿಂತ ಜಾಸ್ತಿ ಹೇರಬಾರದು ಎಂದು ಇಟ್ಟುಕೊಂಡರೆ ಬೇಕಾದ ಮೇಲ್ಮೈ 2,700 ಚದರ ಮೀಟರ್. ಕೇಳಿದರೆ ದೊಡ್ಡ ಮೈದಾನ ಬೇಕು ಅನಿಸುತ್ತದೆ. ಆದರೆ ಎರಡು ಮೀಟರ್ ಅಡ್ಡಳತೆಯ ಒಂದು ಡಿಸ್ಕ್‌ನ ಎರಡೂ ಮುಖ ಸೇರಿ 6 ಚದರ ಮೀಟರ್ ದಾಟುತ್ತದೆ. 430 ಡಿಸ್ಕ್ ಸಾಕು. ಎರಡು ಸೆಂಟಿಮೀಟರಿಗೊಂದರಂತೆ ಪೋಣಿಸಿದರೆ ಎಲ್ಲ ಹಂತ ಸೇರಿ ಒಂಬತ್ತು ಮೀಟರ್ ಒಳಗೇ ಮುಗಿಯುತ್ತದೆ. ಒಂದು ಬಸ್ಸಿಗಿಂತ ಚಿಕ್ಕ ಜಾಗ. ಇದರ ಹಿಂದೆ ಕಸ ತಡೆಯುವ ಬಾರ್ ಸ್ಕ್ರೀನ್, ನೀರು ಕೂಡಿಡುವ ಟ್ಯಾಂಕು, ಮುಂದೆ ಸೆಟ್ಲಿಂಗ್ ಟ್ಯಾಂಕು, ಫಿಲ್ಟರ್, ಸೋಂಕು ನಿವಾರಣೆ ಎಲ್ಲ ಬೇಕೇ ಬೇಕು. ಅವು ಯಾವ ಪದ್ಧತಿಗೂ ತಪ್ಪಿದ್ದಲ್ಲ.

ಈಗ ಕರೆಂಟು. ಇಷ್ಟು ಹೊರೆಗೆ 5 ಎಚ್‌ಪಿ ಬ್ಲೋವರ್ ಹಗಲೂ ರಾತ್ರಿ ನಡೆದರೆ ದಿನಕ್ಕೆ ಸುಮಾರು 89 ಯೂನಿಟ್. 9,300 ಚದರ ಮೀಟರ್‌ನ ಪೂರ್ಣ ಗಾತ್ರದ ಒಂದು ಶಾಫ್ಟಿಗೆ 5ರಿಂದ 7.5 ಎಚ್‌ಪಿ ಮೋಟಾರ್ ಹಾಕುತ್ತಾರೆ. ನಮಗೆ ಬೇಕಿರುವುದು ಅದರ ಮೂರರಲ್ಲಿ ಒಂದು ಪಾಲು. 2 ಎಚ್‌ಪಿ ಅಂದುಕೊಂಡರೂ ದಿನಕ್ಕೆ 36 ಯೂನಿಟ್. ಪಂಪುಗಳ ಖರ್ಚು ಎರಡಕ್ಕೂ ಒಂದೇ. ಇದು ಅಂದಾಜಿನ ಲೆಕ್ಕ. ಆದರೂ ತಿಂಗಳಿಗೆ ಸಾವಿರದ ಐನೂರು ಯೂನಿಟ್‌ಗೂ ಹೆಚ್ಚು ವ್ಯತ್ಯಾಸ ಕಾಣುತ್ತದೆ.

ಉಳಿಯುವ ದುಡ್ಡಿಗಿಂತ ಮುಖ್ಯವಾದದ್ದು ಇನ್ನೊಂದಿದೆ. ರಾತ್ರಿ ಏಳು ಗಂಟೆ ಬ್ಲೋವರ್ ನಿಲ್ಲಿಸಿದರೆ ಬಿಲ್ಲಿನಲ್ಲಿ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ಡಿಸ್ಕ್ ನಿಲ್ಲಿಸಿದರೆ ಹತ್ತು ಯೂನಿಟ್ ಉಳಿದೀತು. ಅಷ್ಟಕ್ಕೆ ಯಾರೂ ನಿಲ್ಲಿಸು ಅನ್ನುವುದಿಲ್ಲ. ನಿಲ್ಲಿಸಿದರೂ ಮುಚ್ಚಿಡಲು ಆಗುವುದಿಲ್ಲ. ಬ್ಲೋವರ್ ನಡೆಯುತ್ತಿದೆಯೋ ಇಲ್ಲವೋ ಬೇಸ್‌ಮೆಂಟಿಗೆ ಇಳಿದರೆ ಮಾತ್ರ ಗೊತ್ತಾಗುತ್ತದೆ. ಡಿಸ್ಕ್ ತಿರುಗುತ್ತಿದೆಯೋ ಇಲ್ಲವೋ ಶೆಡ್ ಬಾಗಿಲಲ್ಲಿ ನಿಂತ ಯಾರಿಗಾದರೂ ಕಾಣುತ್ತದೆ. ಘಟಕ ಕೆಲಸ ಮಾಡುತ್ತಿರುವುದು ಹತ್ತನೇ ಮಹಡಿಯ ಅಜ್ಜಿಗೂ ಕಾಣುವಂತಿರಬೇಕು ಎಂಬುದು ನನ್ನ ಅಭಿಪ್ರಾಯ.

ಶಾಫ್ಟ್ ಮುರಿಯುವ ಕಥೆ

ಇಷ್ಟು ಒಳ್ಳೆಯದಾದರೆ ಎಲ್ಲರೂ ಏಕೆ ಹಾಕುವುದಿಲ್ಲ ಅಂತ ಕೇಳುವಿರಿ ಅಲ್ವಾ? ಕಾರಣಗಳಿವೆ, ಅವು ಸಣ್ಣವಲ್ಲ.

ಮೊದಲನೆಯದು ಶಾಫ್ಟ್. ನಿಮಿಷಕ್ಕೆ ಒಂದೂವರೆ ಸುತ್ತು ನಿಧಾನ ಅನಿಸಿದರೂ ವರ್ಷಕ್ಕೆ ಅದು ಸುಮಾರು 7.9 ಲಕ್ಷ ಸುತ್ತು. ಒದ್ದೆ ಲೋಳೆಯಿಂದ ಭಾರವಾದ ಡಿಸ್ಕ್‌ಗಳ ತೂಕಕ್ಕೆ ಶಾಫ್ಟ್ ನಡುವೆ ಒಂದಿಷ್ಟು ಬಾಗುತ್ತದೆ. ಪ್ರತಿ ಸುತ್ತಿಗೂ ಉಕ್ಕಿನ ಒಂದೇ ಜಾಗ ಒಮ್ಮೆ ಎಳೆತಕ್ಕೆ, ಒಮ್ಮೆ ಒತ್ತಡಕ್ಕೆ ಸಿಗುತ್ತದೆ. ಹತ್ತು ವರ್ಷದಲ್ಲಿ ಎಂಬತ್ತು ಲಕ್ಷ ಸಲ ಹತ್ತಿರ. ಅಮೆರಿಕದಲ್ಲಿ 1970 ಮತ್ತು 80ರ ದಶಕಗಳಲ್ಲಿ ಹಾಕಿದ ಎಷ್ಟೋ ಘಟಕಗಳ ಶಾಫ್ಟ್‌ಗಳು ವೆಲ್ಡಿಂಗ್ ಜಾಗದಲ್ಲಿ ಬಿರುಕು ಬಿಟ್ಟು ಮುರಿದವು. ಬೇರಿಂಗ್‌ಗಳು ಹೋದವು. ಲೋಳೆಯ ತೂಕವನ್ನು ವಿನ್ಯಾಸ ಮಾಡಿದವರು ಕಡಿಮೆ ಅಂದಾಜು ಮಾಡಿದ್ದರು. ಈ ಪದ್ಧತಿಗೆ ಕೆಟ್ಟ ಹೆಸರು ಬಂದದ್ದು ಆಗಲೇ. ಆಮೇಲೆ ಶಾಫ್ಟ್‌ಗಳು ಗಟ್ಟಿಯಾದವು, ಶಾಫ್ಟ್ ಕೆಳಗೆ ಲೋಡ್ ಸೆಲ್ ಇಟ್ಟು ತೂಕ ಅಳೆಯುವುದೂ ಬಂತು. ಆದರೆ ಕಡಿಮೆ ದರದ ಟೆಂಡರಿನಲ್ಲಿ ಲೋಕಲ್ ಫ್ಯಾಬ್ರಿಕೇಶನ್ ಶಾಪಿನಿಂದ ಮಾಡಿಸಿ ತಂದ ಶಾಫ್ಟಿಗೆ ಈ ಪಾಠ ತಲುಪಿರುತ್ತದೆ ಎಂಬ ಖಾತ್ರಿ ಇಲ್ಲ.

ಎರಡನೆಯದು ಪುಣೆಯ ಗುರುವಾರ. ರಿಪೇರಿ ಕೆಲಸಕ್ಕೆ ಕರೆಂಟ್ ತೆಗೆಯುವ ದಿನ ಇಲ್ಲಿ ಅದು. ಡಿಸ್ಕ್ ಗಂಟೆಗಟ್ಟಲೆ ನಿಂತರೆ ಮೇಲಿನ ಭಾಗದ ಪದರ ಬಿಸಿಲಿಗೆ, ಗಾಳಿಗೆ ಒಣಗುತ್ತದೆ. ಕೆಳಗಿನ ಭಾಗ ಒದ್ದೆಯಾಗಿ ಭಾರವಾಗಿಯೇ ಇರುತ್ತದೆ. ಕರೆಂಟ್ ಬಂದಾಗ ಒಂದು ಕಡೆ ಭಾರ, ಒಂದು ಕಡೆ ಹಗುರ. ಮೋಟಾರ್ ಟ್ರಿಪ್ ಆಗುತ್ತದೆ, ಗೇರ್‌ಬಾಕ್ಸ್ ಮೇಲೆ ಹೊರೆ ಬೀಳುತ್ತದೆ. ಉಪಾಯ ಕಷ್ಟದ್ದಲ್ಲ. ಎಸ್‌ಟಿಪಿಯ ಲೈನನ್ನು ಸೊಸೈಟಿಯ ಜನರೇಟರ್‌ಗೆ ಸೇರಿಸಬೇಕು. ಲಿಫ್ಟಿಗೆ, ಮೆಟ್ಟಿಲ ದೀಪಕ್ಕೆ ಸೇರಿಸುತ್ತಾರೆ, ಇದನ್ನು ಬಿಟ್ಟುಬಿಡುತ್ತಾರೆ. ಅದೂ ಆಗದಿದ್ದರೆ ಆಪರೇಟರ್ ಆಗಾಗ ಕಾಲು ಸುತ್ತು ಕೈಯಿಂದ ತಿರುಗಿಸಿ ನೀರು ಚಿಮುಕಿಸಬೇಕು. ತಿರುಗಿಸಲು ಹ್ಯಾಂಡಲ್ ಇದೆಯೇ ಎಂದು ಖರೀದಿಗೆ ಮೊದಲೇ ನೋಡಬೇಕು.

ಮೂರನೆಯದು ನನಗೆ ಎಲ್ಲಕ್ಕಿಂತ ಗಂಭೀರ ಅನಿಸುತ್ತದೆ. ಡಿಸ್ಕ್‌ನ ಮೇಲ್ಮೈ ಒಮ್ಮೆ ಇಷ್ಟು ಎಂದು ಕೊಂಡರೆ ಮುಗಿಯಿತು. ಬ್ಲೋವರ್ ಸಾಲದಿದ್ದರೆ ದೊಡ್ಡದು ತಂದು ಹಾಕಬಹುದು. ಡಿಸ್ಕ್ ಸಾಲದಿದ್ದರೆ ಪಕ್ಕದಲ್ಲಿ ಇನ್ನೊಂದು ಶಾಫ್ಟ್ ಕಟ್ಟಬೇಕು. ಬಿಲ್ಡರ್ ಮೂರು ವಿಂಗ್‌ಗೆ ಲೆಕ್ಕ ಹಾಕಿ ಆಮೇಲೆ ನಾಲ್ಕನೆಯದನ್ನು ಜೋಡಿಸಿದರೆ ಮೊದಲ ಹಂತ ಉಸಿರುಗಟ್ಟುತ್ತದೆ. ಅದಕ್ಕೆ ಗುರುತೂ ಇದೆ. ಮೊದಲ ಡಿಸ್ಕ್‌ಗಳ ಮೇಲೆ ಬಿಳಿ ಬಿಳಿ ಪದರ ಕಾಣಿಸುತ್ತದೆ. ಆಮ್ಲಜನಕ ಸಾಲದೆ ಸಲ್ಫೈಡ್ ಹುಟ್ಟಿ, ಅದನ್ನು ತಿನ್ನುವ ಬೆಜ್ಜಿಯಾಟೋವ ಎಂಬ ಬ್ಯಾಕ್ಟೀರಿಯಾ ಹಬ್ಬಿದೆ ಅಂತ ಅದರ ಅರ್ಥ. ಅದು ಕೊಳೆ ತೆಗೆಯುವುದು ಕಡಿಮೆ, ಭಾರ ಹೆಚ್ಚಿಸುವುದು ಜಾಸ್ತಿ. ಮೊದಲ ಎರಡು ಹಂತಗಳ ನಡುವಿನ ತಡೆಗೋಡೆ ತೆಗೆದು ಹೊರೆ ಹಂಚಿದರೆ ಸ್ವಲ್ಪ ಸುಧಾರಿಸುತ್ತದೆ.

ಎಣ್ಣೆ ಜಿಡ್ಡಿನ ಮಾತೂ ಇದೆ. ಸೊಸೈಟಿಯ ಕೆಳಗೆ ಹೋಟೆಲ್ ಇದ್ದರೆ ಜಿಡ್ಡನ್ನು ಮೊದಲೇ ತಡೆಯುವ ಗ್ರೀಸ್ ಟ್ರ್ಯಾಪ್ ಇಲ್ಲದೆ ಯಾವ ಎಸ್‌ಟಿಪಿಯೂ ಬದುಕುವುದಿಲ್ಲ. ಇಲ್ಲಿ ಜಿಡ್ಡು ನೇರವಾಗಿ ಪದರದ ಮೇಲೆ ಕೂತು ಗಾಳಿ ತಡೆಯುತ್ತದೆ. ನಮ್ಮವರೇ ನಡೆಸುವ ಉಡುಪಿ ಹೋಟೆಲುಗಳು ಪುಣೆಯಲ್ಲಿ ಎಷ್ಟೊಂದಿವೆ. ವಡೆ ಕರಿದ ಬಾಣಲೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಅವರು ನೋಡಿಕೊಂಡರೆ ಕೆಳಗಿನ ಆಪರೇಟರ್‌ಗೆ ದೊಡ್ಡ ಉಪಕಾರ.

ಉಳಿದವು ಚಿಕ್ಕವು. ಬಿಸಿಲು ಬಿದ್ದರೆ ಡಿಸ್ಕ್ ಮೇಲೆ ಪಾಚಿ ಬರುತ್ತದೆ, ಜೋರು ಮಳೆ ಹೊಡೆದರೆ ಪದರ ಕಿತ್ತು ಹೋಗುತ್ತದೆ, ಹಾಗಾಗಿ ಮುಚ್ಚಳ ಅಥವಾ ಶೆಡ್ ಬೇಕು. ರಂಜಕವನ್ನು ಡಿಸ್ಕ್ ಅಷ್ಟಾಗಿ ತೆಗೆಯುವುದಿಲ್ಲ. ಬಿಒಡಿ 10ಕ್ಕೆ ಇಳಿಯಬೇಕೆಂದರೆ ಡಿಸ್ಕ್‌ಗಳನ್ನು ಧಾರಾಳವಾಗಿ ಹಾಕಿ, ಮುಂದೆ ಸ್ಯಾಂಡ್ ಫಿಲ್ಟರ್ ಕೂಡ ಚೆನ್ನಾಗಿ ನಡೆಸಬೇಕು. ಒಂದೊಂದು ಇಂಚಿಗೂ ಬೆಲೆ ಇರುವ ಡೆಕ್ಕನ್ ಜಿಮಖಾನಾ ಸುತ್ತಮುತ್ತ ಇದಕ್ಕೆ ಜಾಗ ಹುಡುಕುವುದು ಕಷ್ಟ, ಅಲ್ಲಿ ಪಾಲಿಕೆಯ ಪೈಪೂ ಇದೆ. ಇದು ಒಗ್ಗುವುದು ಅಂಚಿನ 50ರಿಂದ 300 ಮನೆಗಳ ಸೊಸೈಟಿಗಳಿಗೆ, ಹಾಸ್ಟೆಲುಗಳಿಗೆ, ಶಾಲೆಗಳಿಗೆ. ಗೋವಾದ ಕಡಲ ದಂಡೆಯ ಸಣ್ಣ ಹೋಟೆಲುಗಳಿಗೂ ಇದೇ ಮಾತು ಹೊಂದುತ್ತದೆ. ದೀಪಾವಳಿಗೆ ಎಲ್ಲರೂ ಊರಿಗೆ ಹೋದಾಗ ಹೊರೆ ಇಳಿದು, ವಾಪಸ್ ಬಂದಾಗ ಏರುವ ಜಾಗಗಳಲ್ಲಿ ಅಂಟಿಕೊಂಡು ಬೆಳೆಯುವ ಪದರ ಕೊಚ್ಚಿ ಹೋಗದೆ ತಾಳಿಕೊಳ್ಳುತ್ತದೆ.

ಟ್ಯಾಂಕಿಗೆ ಇಳಿಯುವವರು

2024ರ ಏಪ್ರಿಲ್‌ನಲ್ಲಿ ಮುಂಬೈ ಪಕ್ಕದ ವಿರಾರ್‌ನಲ್ಲಿ ಖಾಸಗಿ ಎಸ್‌ಟಿಪಿಯೊಳಗೆ ಇಳಿದ ನಾಲ್ಕು ಕೆಲಸಗಾರರು ಸತ್ತರು. 2013ರ ಕಾನೂನು ಸುರಕ್ಷತೆಯಿಲ್ಲದೆ ಹೀಗೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸಿದೆ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಸಾವಿಗೆ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಸಾವು ನಿಂತಿಲ್ಲ.

ಬ್ಲೋವರ್ ಘಟಕದ ಡಿಫ್ಯೂಸರ್‌ಗಳು ಆಳದ ಟ್ಯಾಂಕಿನ ತಳದಲ್ಲಿರುತ್ತವೆ. ಅವು ಕಟ್ಟಿಕೊಂಡಾಗ ಯಾರನ್ನೋ ಇಳಿಸುವ ಆಸೆ ಹುಟ್ಟುತ್ತದೆ. ಡಿಸ್ಕ್‌ನ ತೊಟ್ಟಿ ಆಳ ಇರುವುದಿಲ್ಲ. ಮೋಟಾರ್, ಚೈನ್, ಬೇರಿಂಗ್ ಎಲ್ಲ ನೀರಿನ ಮೇಲೆ, ಪಕ್ಕದಲ್ಲಿ ನಿಂತು ಕೈಗೆ ಸಿಗುವಂತೆ ಇರುತ್ತವೆ. ಗ್ರೀಸ್ ಹಾಕಲು ಯಾರೂ ಒಳಗಿಳಿಯಬೇಕಿಲ್ಲ. ಆದರೆ ಕೊಳಚೆ ಕೂಡಿಡುವ ಟ್ಯಾಂಕು, ಸ್ಲಡ್ಜ್ ಟ್ಯಾಂಕು ಇಲ್ಲೂ ಆಳವೇ, ಅವುಗಳ ಅಪಾಯ ಹಾಗೇ ಇದೆ. ಯಂತ್ರ ಬದಲಾಯಿಸಿದ ಮಾತ್ರಕ್ಕೆ ವಿಷಗಾಳಿ ಅಳೆಯುವ ಗ್ಯಾಸ್ ಮೀಟರ್ ಬೇಡ, ಸುರಕ್ಷತೆಯ ಬೆಲ್ಟ್ ಬೇಡ ಎಂದುಕೊಳ್ಳಬಾರದು.

ಕಮಿಟಿ ಮೀಟಿಂಗಿಗೆ ಹೋಗುವ ಮುನ್ನ

ಹೊಸ ಘಟಕ ಹಾಕುವವರು ಬಿಲ್ಡರ್‌ನ ಹತ್ತಿರ ಒಂದು ಸಂಖ್ಯೆ ಕೇಳಿ. ಡಿಸ್ಕ್‌ಗಳ ಒಟ್ಟು ಮೇಲ್ಮೈ ಎಷ್ಟು ಚದರ ಮೀಟರ್? ದಿನದ ಬಿಒಡಿ ಹೊರೆಯನ್ನು ಅದರಿಂದ ಭಾಗಿಸಿ. ಮೇಲೆ ಮಾಡಿದ ಲೆಕ್ಕ ಹತ್ತನೇ ತರಗತಿ ಮಕ್ಕಳಿಗೂ ಬರುತ್ತದೆ. ಚದರ ಮೀಟರಿಗೆ 15, 20 ಗ್ರಾಂ ಬಂದರೆ ಬಿಒಡಿ 10ರ ಮಾತು ಮರೆತುಬಿಡಬೇಕು.

ಈಗಾಗಲೇ ಎಂಬಿಬಿಆರ್ ಇರುವವರು ಅದನ್ನು ಕಿತ್ತು ಹಾಕಬೇಕಿಲ್ಲ. ಎಸ್‌ಟಿಪಿಗೆ ಪ್ರತ್ಯೇಕ ಸಬ್‌ಮೀಟರ್ ಹಾಕಿಸಿ, ರಾತ್ರಿ ಹನ್ನೊಂದಕ್ಕೂ ಬೆಳಗ್ಗೆ ಆರಕ್ಕೂ ರೀಡಿಂಗ್ ಬರೆಸಿ. ಬ್ಲೋವರ್ ನಡೆಯಿತೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಬಿಲ್ ಉಳಿಸಲೇಬೇಕಿದ್ದರೆ ರಾತ್ರಿ ಪೂರ್ತಿ ನಿಲ್ಲಿಸುವ ಬದಲು ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ವಿಎಫ್‌ಡಿ ಸಾಧನ ಹಾಕಿಸಿ ವೇಗ ತಗ್ಗಿಸಬಹುದು. ಲ್ಯಾಬಿಗೆ ಕೊಡುವ ಸ್ಯಾಂಪಲ್ಲನ್ನು ಮಧ್ಯಾಹ್ನ ತೆಗೆಯದೆ ಬೆಳಗ್ಗೆ ಏಳಕ್ಕೆ ತೆಗೆಯಿರಿ, ಘಟಕದ ನಿಜ ಸ್ಥಿತಿ ಆಗಲೇ ಕಾಣುವುದು.

ಸ್ಲಡ್ಜ್ ಎಲ್ಲಿಗೆ ಹೋಗುತ್ತಿದೆ ಎಂದೂ ಕೇಳಿ. 200 ಮನೆಗಳ ಘಟಕದಲ್ಲಿ ಒಣ ತೂಕದಲ್ಲಿ ದಿನಕ್ಕೆ ಹತ್ತು ಕೆಜಿ ಆಸುಪಾಸು ಸ್ಲಡ್ಜ್ ಹುಟ್ಟುತ್ತದೆ, ನೀರಿನ ಜೊತೆ ಅದು ಸಾವಿರ ಲೀಟರ್ ಆಗುತ್ತದೆ. ಸ್ಲಡ್ಜ್ ಹಿಂಡಿ ನೀರು ತೆಗೆಯುವ ಫಿಲ್ಟರ್ ಪ್ರೆಸ್ ಧೂಳು ಹಿಡಿದು ನಿಂತಿದ್ದರೆ ಆ ಸಾವಿರ ಲೀಟರ್ ಎಲ್ಲೋ ಹೋಗುತ್ತಿರಲೇಬೇಕು. ಸಾಮಾನ್ಯವಾಗಿ ಅದು ಹತ್ತಿರದ ಹಳ್ಳಕ್ಕೆ.

ಶುದ್ಧವಾದ ನೀರಿಗೆ ಬೆಲೆ ಇದೆ. ತಲೆಗೆ ದಿನಕ್ಕೆ 45 ಲೀಟರ್ ಫ್ಲಶ್‌ಗೆ ಬೇಕು ಎಂಬುದು ಮಾನದಂಡ. 800 ಜನಕ್ಕೆ 36,000 ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ ಮೂರೂವರೆ ಟ್ಯಾಂಕರ್. ಎಸ್‌ಟಿಪಿಗೆ ಖರ್ಚು ಜಾಸ್ತಿ ಎಂದು ಮೀಟಿಂಗಿನಲ್ಲಿ ಯಾರಾದರೂ ಎದ್ದು ನಿಂತರೆ ಏಪ್ರಿಲ್, ಮೇ ತಿಂಗಳ ಟ್ಯಾಂಕರ್ ಬಿಲ್ಲುಗಳನ್ನು ಮೇಜಿನ ಮೇಲಿಡಿ. ಆ ಉಳಿತಾಯದಲ್ಲಿ ಆಪರೇಟರ್‌ನ ಸಂಬಳ ಒಂದಿಷ್ಟು ಏರಿಸಿ, ಅವನಿಗೆ ಮೂರು ದಿನದ ತರಬೇತಿ ಕೊಡಿಸಿ, ವಾರದ ರಜೆಯ ದಿನಕ್ಕೆ ಬದಲಿ ಆಳನ್ನು ಇಡಬಹುದು. ಏಜೆನ್ಸಿಯ ಕರಾರಿನಲ್ಲಿ ಬ್ಲೋವರ್ ಅಥವಾ ಡಿಸ್ಕ್ ದಿನಕ್ಕೆ ಎಷ್ಟು ಗಂಟೆ ನಡೆಯಬೇಕು ಎಂದು ಬರೆಸಿ. ಅದನ್ನು ನಿಲ್ಲಿಸುವ ಅಧಿಕಾರ ಕಮಿಟಿಯ ಯಾವ ಒಬ್ಬ ಸದಸ್ಯನಿಗೂ ಇಲ್ಲ ಎಂದೂ ಅದರಲ್ಲೇ ಸೇರಿಸಿ.